ಮೈಕಿಗೊಂದು ಕಾಲುಚೀಲ

ಈ ಕಾರ್ಯಕ್ರಮದ ಒಂದು ಚೂರು ಸದ್ದೂ ನನ್ನ ಕೈತಪ್ಪಿ ಹೋಗಲಾರದು ಎಂದು ಕನ್ನಡಕದ ಅಂಗಡಿಯ ಯಜಮಾನರು ಊಟದ ಮೇಜನ್ನು ಗುದ್ದಿ ಶಪಥ ಮಾಡಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಅತ್ತೆಯವರು ಎದ್ದು ಒರೆಸುವ ಬಟ್ಟೆ ತಂದರು. ಈ ಅಳಿಯ ಶಪಥ ಮಾಡಿದಾಗಲೆಲ್ಲ ಆ ಮನೆಯಲ್ಲಿ ಬಟ್ಟೆ ಬೇಕಾಗುತ್ತಿತ್ತು.

ಶಪಥಕ್ಕೆ ಕಾರಣ ಅವರ ಹೆಂಡತಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಪಾರ್ಸಲ್ ತೂಗಿ ಮುದ್ರೆ ಒತ್ತುವ ಈ ಗಂಭೀರ ಹೆಂಗಸು ಕಾಲೇಜಿನ ದಿನಗಳಲ್ಲಿ ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದಳೆಂದರೆ ಯಾರೂ ನಂಬುತ್ತಿರಲಿಲ್ಲ. ಆಕೆ ಮುದ್ರೆ ಒತ್ತುವುದನ್ನು ಕಿವಿಗೊಟ್ಟು ಕೇಳಿದವರಿಗೆ ಮಾತ್ರ ಸ್ವಲ್ಪ ಅನುಮಾನ ಬರುತ್ತಿತ್ತು. ಮದುವೆ, ಕೆಲಸ, ಮಗಳು ಎಂದು ಒಂದೊಂದೇ ಮನೆಯೊಳಗೆ ಬಂದಂತೆ ಡ್ರಮ್ಸ್ ಹೊರಗೆ ಹೋಗಿತ್ತು. ಈಗ ಹಳೆಯ ಕಾಲೇಜಿನ ಸಭಾಂಗಣವನ್ನು ಕೆಡವುತ್ತಾರೆಂದೂ, ಕೆಡವುವ ಮೊದಲು ಹಳೆಯ ಬ್ಯಾಂಡಿನವರೆಲ್ಲ ಸೇರಿ ಒಂದು ಸಂಜೆ ಅಲ್ಲಿ ಬಾರಿಸಬೇಕೆಂದೂ ತೀರ್ಮಾನವಾಗಿತ್ತು. ಆಮೇಲೆ ಸಭಾಂಗಣವೂ ಇಲ್ಲ, ಬ್ಯಾಂಡೂ ಇಲ್ಲ.

ಹೆಂಡತಿ ಕೇಳಿದ್ದು ಒಂದೇ ಒಂದು. "ಬಾರಿಸೋರಿಗೆ ತಾವು ಬಾರಿಸಿದ್ದು ಸರಿಯಾಗಿ ಕೇಳಿಸಲ್ಲ ರೀ. ಮಧ್ಯೆ ಕೂತಿರ್ತೀವಿ, ಬರೀ ಗದ್ದಲ. ಹೊರಗೆ ಕೂತೋರಿಗೆ ನಾನು ಹೇಗೆ ಕೇಳಿಸ್ತಿದ್ದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಒಂದ್ಸಲ ಕೇಳಬೇಕು."

ಇಷ್ಟೇ ಸಾಕಾಯಿತು. ಯಜಮಾನರು ಅಂಗೈಯಗಲದ ಒಂದು ರೆಕಾರ್ಡರ್, ಅದನ್ನು ನಿಲ್ಲಿಸಲು ಮುಕ್ಕಾಲಿ, ಕಿವಿಯನ್ನೆಲ್ಲ ನುಂಗುವ ಹೆಡ್‌ಫೋನು ಕೊಂಡು ತಂದರು. ಬ್ಯಾಂಡಿನ ಗಿಟಾರಿನವರು ತಮಗೆ ಗೊತ್ತಿದ್ದ ಒಬ್ಬ ಧ್ವನಿಮುದ್ರಣದವನನ್ನು ಕರೆಸುತ್ತೇನೆಂದಾಗ, ಮನೆಯಲ್ಲೇ ಜನ ಇರುವಾಗ ಹೊರಗಿನವರೇಕೆ ಎಂದು ನಯವಾಗಿ ತಪ್ಪಿಸಿದರು. ಯಂತ್ರದ ಜೊತೆ ಬಂದಿದ್ದ ಪುಟ್ಟ ಪುಸ್ತಕವನ್ನು, ಸಾವಿರಾರು ಕಣ್ಣು ಪರೀಕ್ಷೆ ಮಾಡಿದವನಿಗೆ ಇದೆಲ್ಲ ಯಾವ ಲೆಕ್ಕ ಎಂದು ಮೇಜಿನ ಡ್ರಾಯರಿಗೆ ಹಾಕಿದರು.

ಜೋರು ಸದ್ದಿನ ಕಾರ್ಯಕ್ರಮವನ್ನು ಹಿಡಿಯುವಾಗ ಒಂದೇ ಒಂದು ಗಂಡಾಂತರ ಎಂದು ಅವರು ಎಲ್ಲಿಂದಲೋ ತಿಳಿದುಕೊಂಡಿದ್ದರು. ಯಂತ್ರದ ಪುಟ್ಟ ಪರದೆಯಲ್ಲಿ ಒಂದು ಹಸಿರು ಪಟ್ಟಿ ಸದ್ದಿಗೆ ತಕ್ಕಂತೆ ಕುಣಿಯುತ್ತದೆ. ಅದು ತುದಿ ಮುಟ್ಟಿ ಕೆಂಪಾಯಿತೋ, ಸದ್ದು ಒಡೆದು ಚಿಂದಿಯಾಯಿತೆಂದೇ ಲೆಕ್ಕ. ಮೈನಸ್ ಆರು ಎಂಬ ಗೆರೆಯ ಹತ್ತಿರ ಇದ್ದರೆ ಸ್ವರ್ಗ. ಆ ಸ್ವರ್ಗಕ್ಕಾಗಿ ಮನೆಯಲ್ಲಿ ಒಂದು ವಾರ ನರಕವಾಯಿತು. ಮಿಕ್ಸಿ ತಿರುಗಿತು, ಬಾಗಿಲುಗಳು ಬಡಿದುಕೊಂಡವು, ಅತ್ತೆಯವರ ಕೈಗೆ ಎರಡು ಸ್ಟೀಲ್ ತಟ್ಟೆ ಬಂದವು. ಯಜಮಾನರು ಹೆಡ್‌ಫೋನ್ ತೊಟ್ಟು, ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು ಕೈಯಾಡಿಸುತ್ತಿದ್ದರು. ಫ್ಯಾನಿನ ಗಾಳಿ ತಾಗದಿರಲೆಂದು ಯಂತ್ರದ ಮೈಕಿಗೆ ತಮ್ಮದೇ ಉಣ್ಣೆಯ ಕಾಲುಚೀಲ ತೊಡಿಸಿದರು.

"ಒಗೆದಿದ್ದು ತಾನೇ?" ಎಂದು ಅತ್ತೆಯವರು ತಟ್ಟೆ ಬಡಿಯುವುದನ್ನು ನಿಲ್ಲಿಸಿ ಕೇಳಿದರು.

ಸಂಜೆ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಯಜಮಾನರು ನಡುಮಧ್ಯದಲ್ಲಿ ಮುಕ್ಕಾಲಿ ನಿಲ್ಲಿಸಿ, ಅಕ್ಕಪಕ್ಕದವರಿಗೆ ಫೋನುಗಳನ್ನು ಜೇಬಿಗೆ ಹಾಕಿಕೊಳ್ಳುವಂತೆ ವಿನಂತಿಸಿದರು. ರೆಕಾರ್ಡಿಂಗ್ ತಮ್ಮಿಂದಲೇ ಎಲ್ಲರಿಗೂ ತಲುಪುತ್ತದೆ ಎಂದು ಆಶ್ವಾಸನೆಯನ್ನೂ ಕೊಟ್ಟರು. ವೇದಿಕೆಯ ಪರದೆ ಮೇಲೇಳುತ್ತಿದ್ದಂತೆ ಕೆಂಪು ಗುಂಡಿಯನ್ನು ಒಂದು ಸಲ ಒತ್ತಿದರು. ದೀಪ ಮಿಣುಕತೊಡಗಿತು, ಪಟ್ಟಿ ಕುಣಿಯಿತು, ಕಿವಿಯಲ್ಲಿ ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಯಜಮಾನರು ಪಟ್ಟಿಯ ಮೇಲೆ ಕಣ್ಣು ನೆಟ್ಟು ಕೂತರು. ಅದು ಮೇಲೇರಿದರೆ ಅವರ ಉಸಿರು ನಿಲ್ಲುತ್ತಿತ್ತು, ಇಳಿದರೆ ಮತ್ತೆ ಶುರುವಾಗುತ್ತಿತ್ತು.

ಎರಡು ಕಿವಿಗೂ ಹತ್ತಿ ತುರುಕಿಕೊಂಡು ಪಕ್ಕದಲ್ಲಿ ಕೂತಿದ್ದ ಅತ್ತೆಯವರು ನಡುವೆ ಒಮ್ಮೆ, ಆ ದೀಪ ಯಾಕೆ ಮಿಣಮಿಣ ಅನ್ನುತ್ತಿದೆ ಎಂದು ಕೇಳಿದರು. ಕೆಲಸ ಮಾಡುತ್ತಿದೆ ಎಂದು ಅರ್ಥ, ಎಂದರು ಯಜಮಾನರು. ಇನ್ನೊಮ್ಮೆ ಅತ್ತೆ ಮೊಣಕೈಯಿಂದ ತಿವಿದು ವೇದಿಕೆಯತ್ತ ತೋರಿಸಿದರು. ಯಜಮಾನರು ತಲೆಯೆತ್ತದೆ ಒಂದು ಬೆರಳೆತ್ತಿ ಅವರನ್ನು ತಡೆದರು. ಪಟ್ಟಿ ಆಗ ತೀರಾ ಅಪಾಯದ ಅಂಚಿನಲ್ಲಿತ್ತು. ಜನರೆಲ್ಲ ಎದ್ದು ನಿಂತು ಕೂಗುತ್ತಿದ್ದರು, ಅದೂ ಪಟ್ಟಿಗೆ ಒಳ್ಳೆಯದಲ್ಲ ಎಂದು ಅವರಿಗೆ ಸಿಟ್ಟು ಬಂತು.

ಎಲ್ಲ ಮುಗಿದ ಮೇಲೆ ಕೆಂಪು ಗುಂಡಿಯನ್ನು ಮತ್ತೊಂದು ಸಲ ಒತ್ತಿದರು. ಮಿಣುಕುವುದು ನಿಂತು ದೀಪ ಸ್ಥಿರವಾಯಿತು. ಪಾಪ, ದಣಿದಿದೆ ಎಂದುಕೊಂಡು ಯಂತ್ರವನ್ನು ಕಾಲುಚೀಲ ಸಮೇತ ಚೀಲಕ್ಕೆ ಹಾಕಿ, ಕಾರಿನಲ್ಲಿ ಹೆಂಡತಿಯ ಮಡಿಲಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಹೆಂಡತಿ ಬೇಗನೆ ತಲೆ ಬಾಚಿಕೊಂಡು, ನೆಂಟರು ಬರುವವರಿದ್ದಾರೇನೋ ಎಂಬಂತೆ ಸೋಫಾದ ತುದಿಯಲ್ಲಿ ಕೂತಿದ್ದಳು. ಯಂತ್ರ ಸತ್ತು ಬಿದ್ದಿತ್ತು. ಹೊಸ ಬ್ಯಾಟರಿ ಹಾಕಿ ಸ್ಪೀಕರಿಗೆ ಜೋಡಿಸಿದ್ದಾಯಿತು. ಒಳಗೆ ಒಂದೇ ಒಂದು ರೆಕಾರ್ಡಿಂಗ್ ಇತ್ತು. ಅದು ಶುರುವಾದದ್ದು ಯಜಮಾನರ ಸಣ್ಣ ದನಿಯಿಂದ: "ಅಬ್ಬಾ, ಎಲ್ಲ ಹಿಡಿದುಬಿಟ್ಟೆ." ಬೆನ್ನಿಗೇ ಚೀಲದ ಜಿಪ್ಪು ಎಳೆದ ಸದ್ದು.

ಯಜಮಾನರು ಹಿಂದೆ ಒತ್ತಿದರು, ಮುಂದೆ ಒತ್ತಿದರು. ಅದರ ಹಿಂದೆ ಏನೂ ಇರಲಿಲ್ಲ. ಡ್ರಾಯರಿನಿಂದ ಪುಸ್ತಕ ಹೊರಬಂತು. ಒಮ್ಮೆ ಒತ್ತಿದರೆ ಯಂತ್ರ ಸಿದ್ಧವಾಗುತ್ತದೆ, ದೀಪ ಮಿಣುಕುತ್ತದೆ. ಇನ್ನೊಮ್ಮೆ ಒತ್ತಿದರೆ ಮಾತ್ರ ಧ್ವನಿಮುದ್ರಣ ಶುರು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಕಾರ್ಯಕ್ರಮದ ಉದ್ದಕ್ಕೂ ಯಂತ್ರ ಸಿದ್ಧವಾಗಿ ಕಾದಿತ್ತು. ಕಾರ್ಯಕ್ರಮ ಮುಗಿದ ಕೂಡಲೇ ಕೆಲಸ ಶುರು ಮಾಡಿತ್ತು.

ಹೇಗಿತ್ತು ಎಂದಾದರೂ ಹೇಳೋಣವೆಂದರೆ ಯಜಮಾನರ ನೆನಪಿಗೆ ಬರುತ್ತಿದ್ದುದು ಹಸಿರು ಪಟ್ಟಿ ಒಂದೇ. ಅವರು ಅತ್ತೆಯ ಮುಖ ನೋಡಿದರು.

ಅತ್ತೆಯವರು ಹೇಳತೊಡಗಿದರು. ಮೂರನೆಯ ಹಾಡಿನಲ್ಲಿ ತಮ್ಮ ಮಗಳೊಬ್ಬಳೇ ಬಾರಿಸುತ್ತಿದ್ದಾಗ ಕೈಯಲ್ಲಿದ್ದ ಕೋಲು ಜಾರಿ ಹಾರಿಹೋಯಿತಂತೆ. ಆಕೆ ತಾಳ ತಪ್ಪದೆ ಪಕ್ಕದಿಂದ ಇನ್ನೊಂದು ಎಳೆದುಕೊಂಡಳಂತೆ. ಆಗಲೇ ಜನ ಎದ್ದು ನಿಂತದ್ದು. "ಹತ್ತಿ ಇಟ್ಕೊಂಡಿದ್ದೆ, ನನಗೆ ಅಷ್ಟಾಗಿ ಕೇಳಿಸಲಿಲ್ಲ. ಆದ್ರೆ ಕಣ್ಣಿಗೇನೂ ಇಟ್ಕೊಂಡಿರಲಿಲ್ಲವಲ್ಲ. ಇವಳು ನಗ್ತಾ ನಿಮ್ಮ ಕಡೆಗೇ ನೋಡಿದಳು, ಅಳಿಯಂದ್ರೇ. ಅದಕ್ಕೇ ತಿವಿದೆ."

ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವ ಯಜಮಾನರು ತಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆ ಒಂದು ನಗುವಿಗೆ ಅಂಗಡಿಯನ್ನೇ ಕೊಟ್ಟುಬಿಡಬಹುದಿತ್ತು ಎನ್ನಿಸಿತು. ಆದರೆ ಕೊಟ್ಟರೂ ಇನ್ನು ಸಿಗುವಂತಿರಲಿಲ್ಲ.

"ಇರೋದನ್ನಾದ್ರೂ ಕೇಳೋಣ, ಹಾಕಿ," ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಯಜಮಾನರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಯಂತ್ರವನ್ನು ಭಾರೀ ಸದ್ದಿಗೆಂದು ಹದಮಾಡಿದ್ದರಿಂದ ಮಾತುಗಳು ಪಿಸುಗುಟ್ಟಿದಂತಿದ್ದವು. ಸ್ಪೀಕರನ್ನು ಪೂರ್ತಿ ಏರಿಸಬೇಕಾಯಿತು. ಕಾರಿನ ಬಾಗಿಲು ಮುಚ್ಚಿದ ಸದ್ದು ಬಂತು. ಹೆಂಡತಿಯ ದನಿ ಕೇಳಿತು: "ಹೇಗಿತ್ತು ರೀ?"

"ಮೈನಸ್ ಆರು! ಒಂದ್ಸಲಾನೂ ದಾಟಲಿಲ್ಲ."

"ಅದಲ್ಲ. ನಾನು ಹೇಗೆ ಬಾರಿಸಿದೆ?"

"ಅದನ್ನೇ ಹೇಳ್ತಿರೋದು ಕಣೇ. ಕೆಂಪಿಗೆ ಹೋಗಲೇ ಇಲ್ಲ."

ಆಮೇಲೆ ಯಜಮಾನರು ಕಾಲುಚೀಲದ ಮಹಿಮೆಯನ್ನು ವರ್ಣಿಸುತ್ತಾ ಹೋಗುತ್ತಿದ್ದರು. ಅಷ್ಟರಲ್ಲಿ ಸ್ಪೀಕರಿನಿಂದ ಢಬ್ ಎಂದು ಒಂದು ಪೆಟ್ಟು ಬಿತ್ತು. ಅತ್ತೆಯವರು ಬೆಚ್ಚಿ ಹತ್ತಿ ಹುಡುಕಿದರು. ಇನ್ನೊಂದು ಪೆಟ್ಟು, ಮತ್ತೆ ಎರಡು, ಆಮೇಲೆ ಬೆರಳುಗಳ ಸಣ್ಣ ಓಟ. ಮಡಿಲ ಮೇಲಿದ್ದ ಚೀಲದ ಮೇಲೆ, ಒಳಗಿದ್ದ ಮೈಕಿನ ನೆತ್ತಿಯ ಮೇಲೆಯೇ, ಹೆಂಡತಿ ಆ ಮೂರನೆಯ ಹಾಡನ್ನು ಇನ್ನೊಮ್ಮೆ ತನ್ನಷ್ಟಕ್ಕೆ ಬಾರಿಸಿಕೊಂಡಿದ್ದಳು. ಕೋಲು ಹಾರಿದ ಜಾಗ ಬಂದಾಗ ಒಂದು ಕ್ಷಣ ಖಾಲಿ ಬಿಟ್ಟು, ಮತ್ತೆ ಹಿಡಿದುಕೊಂಡಳು. ಯಜಮಾನರು ಮೊದಲ ಬಾರಿಗೆ ತಲೆಯೆತ್ತಿ ಹೆಂಡತಿಯನ್ನು ನೋಡುತ್ತಾ ಕೇಳಿದರು. ಎಂಥಾ ಕೈಚಳಕ ಅದು! ಅದರ ನಡುವೆ, ಮೊದಲಿನಿಂದ ಕೊನೆಯವರೆಗೆ, ಉಣ್ಣೆ ಒಳ್ಳೆಯದೋ ಹತ್ತಿ ಒಳ್ಳೆಯದೋ ಎಂಬ ಅವರದೇ ವ್ಯಾಖ್ಯಾನ ನಡೆದಿತ್ತು.

ಹೆಂಡತಿ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದಳು. ಆಮೇಲೆ ಯಂತ್ರವನ್ನು ಆರಿಸಿ, ಕಾಲುಚೀಲವನ್ನು ನೀಟಾಗಿ ಮಡಿಸಿ ಗಂಡನ ಕೈಗೆ ಕೊಟ್ಟಳು.

"ಪರವಾಗಿಲ್ಲ, ಚೆನ್ನಾಗೇ ಬಾರಿಸ್ತೀನಿ," ಎಂದಳು. "ಆದ್ರೆ ಮಧ್ಯೆ ಯಾರೋ ಒಬ್ಬರು ಬಿಡದೆ ಮಾತಾಡ್ತಾ ಇದ್ದಾರಲ್ಲ, ಅವರು ಕಾರ್ಯಕ್ರಮಕ್ಕೆ ಬಂದಿದ್ರಾ?"