ಐಸಮ್ಮನ ಪರವಾಗಿ ಒಂದು ಗಂಭೀರ ಕಳವಳ

ಪುತ್ತೂರು ಪೇಟೆಯಲ್ಲಿ ಇಂಗ್ಲಿಷ್ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ನಾನೂ ಒಬ್ಬ. ಮದ್ರಾಸಿನಿಂದ ಬರುವ ಪತ್ರಿಕೆ ನಮ್ಮ ಕೈಸೇರುವಾಗ ಹಳತಾಗಿರುತ್ತಿತ್ತು, ನಿಜ. ಆದರೆ ದೇಶದೇಶಗಳ ಜಗಳ ಅಷ್ಟು ಬೇಗ ಹಳಸುವ ವಸ್ತುವಲ್ಲ. ಯಾರು ಯಾರ ಗಡಿ ದಾಟಿದರು, ಅದಕ್ಕೆ ಯಾರು 'ಗ್ರೇವ್ ಕನ್ಸರ್ನ್' ವ್ಯಕ್ತಪಡಿಸಿದರು ಎಂಬುದನ್ನೆಲ್ಲ ನಾನು ಶಾಲೆಯ ಮಾಸ್ತರರ ಕೊಠಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಉಳಿದ ಮಾಸ್ತರರು ಕೇಳುತ್ತಿದ್ದರು. ಅವರಿಗೆ ಹೋಗಲು ಬೇರೆ ಕೊಠಡಿ ಇರಲಿಲ್ಲ.

ಇಂಥ ನನ್ನನ್ನು ಹಿತ್ತಲಾಚೆಯ ಐಸಮ್ಮ ಹುಡುಕಿಕೊಂಡು ಬಂದದ್ದು ಸಹಜವೇ. ಬೀಡಿ ಕಟ್ಟಿ ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಆ ಮಗ ಅದ್ರಾಮ ಬೊಂಬಾಯಿಯಲ್ಲಿ ಹಡಗು ಹತ್ತಿ ಕುವೈತಿಗೆ ಹೋಗಿ, ಅಲ್ಲೊಬ್ಬ ಅರಬ್ಬಿ ಸಾಹುಕಾರನ ಮನೆಯಲ್ಲಿ ಅಡುಗೆಗೆ ನಿಂತಿದ್ದ. ಕೆಲವು ತಿಂಗಳಿಂದ ಅವನ ಕಾಗದ ಬಂದಿರಲಿಲ್ಲ.

"ಅವ ಉಂಟಾ ಇಲ್ವಾ ಅಂತ ಗೊತ್ತಾದ್ರೆ ಸಾಕು ಮಾಸ್ಟ್ರೆ. ನಂಗೆ ನಿದ್ದೆ ಇಲ್ಲ. ಸಾಹುಕಾರ್ರಿಗೆ ಒಂದು ಕಾಗದ ಬರ್ದು ಕೊಡ್ತೀರಾ?"

ಅವಳ ಕೆಂಪಾದ ಕಣ್ಣು ನೋಡಿ ನನಗೆ ಸಂಕಟವಾಯಿತು. ಸಂಕಟದ ಬೆನ್ನಿಗೇ ನಾಚಿಕೆಯಿಲ್ಲದ ಒಂದು ಸಂತೋಷವೂ ನುಗ್ಗಿ ಬಂತು. ನನ್ನ ಇಂಗ್ಲಿಷ್ ಸಮುದ್ರ ದಾಟಲಿತ್ತು!

ಬರೆದೆ, ಹರಿದೆ, ಮತ್ತೆ ಬರೆದೆ. ನನ್ನ ಹೆಂಡತಿ ಶಾರದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮಗ ಹೇಗಿದ್ದಾನೆ ಅಂತ ಒಂದು ಗೆರೆ ಬರೆದ್ರೆ ಆಯ್ತಲ್ಲ. ಅದಕ್ಕೆ ಎಂತ ಇಷ್ಟು ಕಾಗದ ಹಾಳು ಮಾಡುದು?"

"ಇದು ಪರದೇಶದ ವ್ಯವಹಾರ. ನಿನಗೆ ಗೊತ್ತಾಗುದಿಲ್ಲ."

"ಗೊತ್ತಾಗುದಿಲ್ಲ ಮಾರಾಯ್ರೆ. ಆದ್ರೆ ಅವಳಿಗೆ ಅನ್ನ ಇಳಿಯುದಿಲ್ಲ ಅಂತ ಗೊತ್ತುಂಟು."

ಕೊನೆಗೆ ಸಿದ್ಧವಾದ ಇಂಗ್ಲಿಷ್ ಪತ್ರದ ಸಾರಾಂಶ ಹೀಗಿತ್ತು: ಪುತ್ತೂರಿನ ಶ್ರೀಮತಿ ಐಸಮ್ಮನವರು ತಮ್ಮ ಪುತ್ರನ ಸುದೀರ್ಘ ಮೌನವನ್ನು 'ಗ್ರೇವ್ ಕನ್ಸರ್ನ್'ನೊಂದಿಗೆ ಗಮನಿಸಿದ್ದಾರೆ; ಪರಿಸ್ಥಿತಿ ಸುಧಾರಿಸದಿದ್ದಲ್ಲಿ ಸೂಕ್ತ ಕ್ರಮ ಕೈಗೊಳ್ಳುವ ಹಕ್ಕನ್ನು ಕಾದಿರಿಸಿಕೊಂಡಿದ್ದಾರೆ; ಆದಾಗ್ಯೂ ಉಭಯ ಪಕ್ಷಗಳ ಸೌಹಾರ್ದದಲ್ಲಿ ಅವರಿಗೆ ಸಂಪೂರ್ಣ ವಿಶ್ವಾಸವಿದೆ. ಐಸಮ್ಮನಿಗೆ ಓದಿ ಸುಮಾರಾಗಿ ಅರ್ಥ ಹೇಳಿದೆ. ಅವಳು ಕೊನೆಯವರೆಗೆ ಕೇಳಿ, "ಇದ್ರಲ್ಲಿ ಅದ್ರಾಮನ ಹೆಸ್ರು ಎಲ್ಲಿ ಉಂಟು?" ಎಂದಳು.

ಹೆಸರು ಬಿಟ್ಟುಹೋಗಿತ್ತು. ಸೇರಿಸಿದೆ.

ಆಮೇಲೆ ತಿಳಿಯಿತು, ಸಾಹುಕಾರನಿಗೆ ಇಂಗ್ಲಿಷ್ ಬರುವುದಿಲ್ಲವಂತೆ. ಅರಬ್ಬಿಯೇ ಬೇಕು. ಸರಿ, ಪತ್ರ ಹಿಡಿದುಕೊಂಡು ಮಸೀದಿಯ ಮುಸ್ಲಿಯಾರರಲ್ಲಿಗೆ ಹೋದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅರಬ್ಬಿ ಬಾರದು. ನಾನು ಕನ್ನಡದಲ್ಲಿ ಹೇಳುವುದು, ಅವರು ಅರಬ್ಬಿಯಲ್ಲಿ ಬರೆಯುವುದು ಎಂದು ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು.

'ಗ್ರೇವ್ ಕನ್ಸರ್ನ್' ಬಂದಾಗ ನನ್ನ ನಾಲಿಗೆ ನಿಂತಿತು. 'ಕನ್ಸರ್ನ್' ಅಂದರೆ ಕಳವಳ. 'ಗ್ರೇವ್' ಅಂದರೆ? ವರ್ಷಗಟ್ಟಲೆ ಗಟ್ಟಿಯಾಗಿ ಓದಿದ ಪದ, ಅರ್ಥ ಒಮ್ಮೆಯೂ ನೋಡಿರಲಿಲ್ಲ. ಚೀಲದಿಂದ ನಿಘಂಟು ತೆಗೆದೆ. 'ಗೋರಿ, ಸಮಾಧಿ' ಎಂದಿತ್ತು. ಅದರ ಕೆಳಗೆ 'ಗಂಭೀರವಾದ' ಎಂದೂ ಇತ್ತು. ಅಷ್ಟು ಕೆಳಗೆ ಹೋಗುವ ಅಭ್ಯಾಸ ನನಗಿರಲಿಲ್ಲ.

"ಗೋರಿ ಅಂದ್ರೆ ಕಬರ್," ಎಂದು ಮುಸ್ಲಿಯಾರರು ಲೇಖನಿ ಎತ್ತಿದರು. "ಯಾರ ಕಬರ್?"

ನಾನು ಸ್ವಲ್ಪ ಯೋಚಿಸಿದೆ. "ಕಳವಳ ತಾಯಿಯದ್ದಲ್ವಾ, ಹಾಗಾದ್ರೆ ಕಬರೂ ತಾಯಿಯದ್ದೇ."

"ಐಸಮ್ಮ ಗಟ್ಟಿ ಇದ್ದಾರಲ್ಲ ಮಾಸ್ಟ್ರೆ. ಬೆಳಿಗ್ಗೆ ನೋಡಿದೆ ನಾನು."

"ಇದು ರಾಜತಂತ್ರದ ಭಾಷೆ ಮುಸ್ಲಿಯಾರ್ರೆ. ದೊಡ್ಡ ದೊಡ್ಡ ಮಂತ್ರಿಗಳೇ ಹೀಗೆ ಬರೆಯುದು."

ಅವರು ಸಭ್ಯರು. ನಾನು ಓದಿದವನು. ಹೀಗಾಗಿ ತಾಯಿಯ ಕಬರಿನ ವಿಷಯದಲ್ಲಿ ಕಳವಳವಿದೆ, ಮಗ ಕೂಡಲೇ ಗಮನ ಕೊಡಬೇಕು ಎಂಬರ್ಥದ ಅರಬ್ಬಿ ಪತ್ರವೊಂದು ಪುತ್ತೂರಿನ ಅಂಚೆ ಡಬ್ಬಿಗೆ ಬಿತ್ತು. ನಾನೇ ಹಾಕಿದೆ.

ಉತ್ತರ ಬರಲಿಲ್ಲ. ದೇಶಗಳ ನಡುವೆ ಉತ್ತರ ತಡವಾಗುವುದು ವಾಡಿಕೆ ಎಂದು ಐಸಮ್ಮನಿಗೆ ಧೈರ್ಯ ಹೇಳಿದೆ. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಪ್ರತಿ ಸಲ ಬಂದಾಗಲೂ ಇನ್ನಷ್ಟು ಸೊರಗಿರುತ್ತಿದ್ದಳು.

ಒಂದು ಸಂಜೆ ಶಾಲೆಯಿಂದ ಬರುತ್ತ ಮಸೀದಿಯ ಪಕ್ಕದ ಕಬರಸ್ತಾನದಲ್ಲಿ ಒಬ್ಬನನ್ನು ಕಂಡೆ. ಬಾಗಿಲಲ್ಲಿ ಟ್ರಂಕು ಇಟ್ಟು, ಹೊಸ ಮಣ್ಣು ಎಲ್ಲಿದೆ ಎಂದು ಹುಡುಕುತ್ತಿದ್ದ. ಅದ್ರಾಮ!

"ನನ್ನ ಉಮ್ಮನ ಕಬರ್ ಯಾವುದು?" ಎಂದು ಅವನು ಮುಸ್ಲಿಯಾರರನ್ನು ಕೇಳುತ್ತಿದ್ದ. ಮುಸ್ಲಿಯಾರರು ಬೇಲಿಯಾಚೆ ನಿಂತ ನನ್ನನ್ನು ನೋಡಿದರು. ಆ ನೋಟಕ್ಕೆ ಅನುವಾದ ಬೇಕಾಗಲಿಲ್ಲ.

"ಉಮ್ಮ ಬದುಕಿದ್ದಾರೆ ಮಗಾ. ಮನೆಯಲ್ಲೇ ಇದ್ದಾರೆ," ಎಂದು ಮುಸ್ಲಿಯಾರರು ಹೇಳಿದರೆ ಅವನು ನಂಬಲೇ ಇಲ್ಲ. ಸಮಾಧಾನಕ್ಕೆ ಹೇಳುತ್ತಾರೆಂದುಕೊಂಡ. ಅವನ ಟ್ರಂಕು ನಾನೇ ಹೊತ್ತೆ. ದಾರಿಯಲ್ಲಿ ಎಲ್ಲ ಹೊರಬಿತ್ತು. ಅವನಿಗೆ ಬರೆಯಲು ಬಾರದು. ಬರೆದು ಕೊಡುತ್ತಿದ್ದ ಸ್ನೇಹಿತ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದ. ಆ ಸುದೀರ್ಘ ಮೌನಕ್ಕೆ ಅಷ್ಟೇ ಕಾರಣ.

"ಸಾಹುಕಾರ್ರು ಕಾಗದ ಓದಿ ಹೇಳಿದ್ರು. ಹೋದ್ರೆ ತಿರುಗಿ ಬರ್ಬೇಡ, ಬೇರೆಯವನನ್ನು ಇಡ್ತೇನೆ ಅಂದ್ರು. ಉಮ್ಮನಿಗೆ ಒಂದು ಹಿಡಿ ಮಣ್ಣು ಹಾಕ್ಲಿಕ್ಕೆ ಆಗದವನಿಗೆ ಕೆಲಸ ಎಂತಕ್ಕೆ? ಬಿಟ್ಟು ಬಂದೆ."

ನಾನು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

ಐಸಮ್ಮ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ತಲೆಯೆತ್ತಿದಳು. ಗೆರಸೆ ಉರುಳಿ ಹೊಗೆಸೊಪ್ಪು ಅಂಗಳಕ್ಕೆಲ್ಲ ಚೆಲ್ಲಿತು. ಅವಳು ಎದ್ದು ಓಡಿ ಬರುವಷ್ಟರಲ್ಲಿ, ಒಂದೇ ಒಂದು ಗಳಿಗೆ, ಅದ್ರಾಮನ ಮುಖ ಕಪ್ಪಿಟ್ಟಿತು. ಸತ್ತ ತಾಯಿಗಾಗಿ ಬಿಟ್ಟು ಬಂದ ಕೆಲಸ ಬದುಕಿರುವ ತಾಯಿಯನ್ನು ಕಂಡಾಗ ನೆನಪಾಗಿರಬೇಕು. ಅವನನ್ನು ನಾನು ದೂರುವುದಿಲ್ಲ, ದೂರುವ ಹಕ್ಕನ್ನು ನಾನು ಕಾದಿರಿಸಿಕೊಂಡಿರಲಿಲ್ಲ. ಮರುಗಳಿಗೆಗೆ ಅವನು ಅವಳ ಹೆಗಲ ಮೇಲೆ ಮುಖವಿಟ್ಟು ಹೋ ಎಂದು ಅತ್ತ.

ಆ ದಿನ ಶಾರದೆ ನನ್ನನ್ನು ಬೈಯಲಿಲ್ಲ. ಅನ್ನ ಬಡಿಸಿದಳು. ಬೈದಿದ್ದರೆ ಊಟ ಸೇರುತ್ತಿತ್ತೋ ಏನೋ.

ಅದ್ರಾಮ ಹೋಟೆಲು ಕೆಲಸ ಹುಡುಕಿಕೊಂಡು ಸುಳ್ಯ, ಕಡಬ ಎಂದು ಅಲೆಯತೊಡಗಿದ. ಹಾಗೆ ಅವನಿಲ್ಲದ ಒಂದು ಹೊತ್ತಿನಲ್ಲಿ ಐಸಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ, ಬೈಸಿಕೊಳ್ಳಲು ಸಿದ್ಧನಾಗಿದ್ದೆ.

"ಮಾಸ್ಟ್ರೆ, ಆ ದಿನ ನೀವೂ ಅಲ್ಲೇ ಇದ್ರಲ್ಲ," ಎಂದಳು ಮೆಲ್ಲಗೆ. "ನನ್ನನ್ನು ನೋಡಿ ಅವನಿಗೆ ಖುಷಿ ಆಯ್ತಲ್ಲ?"

"ಆಯ್ತು ಐಸಮ್ಮ. ತುಂಬಾ ಖುಷಿ ಆಯ್ತು ಅವನಿಗೆ."

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಓದಿದವರು," ಎಂದು ಹೇಳಿ ಒಳಗೆ ಹೋದಳು.

ನನ್ನ ಜೀವಮಾನದಲ್ಲಿ ನಾನು ಆಡಿದ ನಿಜವಾದ ರಾಜತಂತ್ರದ ಮಾತು ಅದೊಂದೇ. ಅದನ್ನೂ ಅವಳು ನಂಬಲಿಲ್ಲ.