ಅಕ್ಕೋರ ಮೊಲಕ್ಕೆ ಆಪರೇಶನ್ನು

ಅಂಕೋಲೆಯಲ್ಲಿ ನನ್ನದು ಜಗಲಿ ಮೇಲಿನ ತರಕಾರಿ ಅಂಗಡಿ. ಬೆಂಡೆಕಾಯಿ ಆರಿಸುತ್ತಾ ಜನ ಮಾತಾಡುತ್ತಾರೆ, ಸುದ್ದಿ ತಾನಾಗಿ ಕಿವಿಗೆ ಬೀಳುತ್ತದೆ; ನಾನಾಗಿ ಕೇಳುವವಳಲ್ಲ. ಎದುರುಮನೆ ಅಕ್ಕೋರು ಮೊಲ ಸಾಕಿದ ಮೇಲಂತೂ ನನಗೆ ಬೇರೆ ಮನೆಯ ಸುದ್ದಿಯೇ ಬೇಡವಾಯಿತು.

೧. ಹೆರಿಗೆ

ಅಕ್ಕೋರು ಶಾಲೆ ಕಲಿಸಿ ನಿವೃತ್ತರಾದವರು. ಲಗ್ನವಾಗಲಿಲ್ಲ. ಗಂಡಸರ ನೆರಳು ಕಂಡರೂ ಬಾಗಿಲು ಹಾಕುವವರು. ಅದಕ್ಕೇ 'ಎರಡೂ ಹೆಣ್ಣು' ಅಂತ ಖಾತ್ರಿ ಮಾಡಿಕೊಂಡು ಜೋಡಿ ಮೊಲ ತಂದರು. ಆರು ತಿಂಗಳಲ್ಲಿ ಅವುಗಳಲ್ಲೊಂದು ಐದು ಮರಿ ಹಾಕಿತು.

"ಇದು ಹೇಗಾಯ್ತೇ?" ಅಂತ ನನ್ನನ್ನು ಕೇಳಿದರು.

"ಊರ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿದವರು ನೀವು ಅಕ್ಕೋರೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ!"

ಗಂಡು ಮೊಲ, ಮರಿಗಳು, ಎಲ್ಲ ಕೇಣಿಯಲ್ಲಿದ್ದ ಅವರ ತಮ್ಮನ ಮನೆಗೆ ಹೋದವು. ತಾಯಿ ಮೊಲ ಮಾತ್ರ ಅಕ್ಕೋರ ಮಗ್ಗುಲಲ್ಲೇ ಉಳಿಯಿತು.

೨. ಉಪವಾಸ

ಮೂರು ವರ್ಷ ಕಳೆದ ಮೇಲೆ ಅದಕ್ಕೆ ರಕ್ತ ಹೋಗತೊಡಗಿತು. ಗರ್ಭಚೀಲದಲ್ಲಿ ಗಡ್ಡೆ, ತೆಗೆಯದಿದ್ದರೆ ಉಳಿಯುವುದಿಲ್ಲ. ಮೊದಲು ತೋರಿಸಿದ ಡಾಕ್ಟರು, "ಹಿಂದಿನ ದಿನದಿಂದಲೇ ಉಪವಾಸ ಇಡಿ" ಅಂದರು. ನನಗೆ ಸರಿಯೆನಿಸಿತು. ನನ್ನ ಹೊಟ್ಟೆ ಕೊಯ್ದಾಗಲೂ ಒಂದು ಗುಟುಕು ಚಾ ಕೊಟ್ಟಿರಲಿಲ್ಲ.

ಅಕ್ಕೋರು ಕೇಳಿದರು: "ಎಷ್ಟು ಮೊಲಕ್ಕೆ ಮಂಪರು ಕೊಟ್ಟಿದ್ದೀರಿ?"

"ಮೊಲ ಅಂದ್ರೇನು, ಸಣ್ಣ ನಾಯಿ ಇದ್ದ ಹಾಗೆ."

ಅಕ್ಕೋರು ಬುಟ್ಟಿ ಎತ್ತಿಕೊಂಡರು. "ನಾಯಿಯಾದ ದಿನ ಕರ್ಕೊಂಡು ಬರ್ತೇನೆ."

೩. ಕೊತ್ತಂಬರಿ

ಕಾರವಾರದ ಡಾಕ್ಟರಮ್ಮ ಫೋನಿನಲ್ಲಿ ಪೂರಾ ಉಲ್ಟಾ ಹೇಳಿದರು: "ಹೊರಡುವ ತನಕ ತಿನ್ನಿಸಿ, ದಾರಿಯಲ್ಲೂ ತಿನ್ನಿಸಿ. ಮೊಲಕ್ಕೆ ವಾಂತಿಯೇ ಬರೋದಿಲ್ಲ. ಹಸಿದು ಕರುಳು ನಿಂತಿತೋ, ಜೀವವೇ ಹೋಯ್ತು." ಹಾಗೆ ನಾವಿಬ್ಬರೂ ಹತ್ತಿದ ಬಸ್ಸು ಅಮದಳ್ಳಿ ದಾಟುವಷ್ಟರಲ್ಲಿ ನನ್ನ ಅಂಗಡಿಯ ಎರಡು ಕಟ್ಟು ಕೊತ್ತಂಬರಿ ಖಾಲಿ.

ಕಂಡಕ್ಟರು, "ಎಂತ ಅಜ್ಜಿ, ಮದುವೆ ದಿಬ್ಬಣವಾ?" ಅಂತ ನನ್ನನ್ನು ಕೇಳಿದ.

"ಅಲ್ಲ ಮಾರಾಯಾ, ಆಪರೇಶನ್ನು."

"ಆಪರೇಶನ್ನಿಗೆ ಹೀಗೆ ಊಟ ಹಾಕೋದಾದ್ರೆ ನನ್ನದೂ ಹರ್ನಿಯಾ ಇದೆ!"

೪. ತೂಕ

ಮಂಪರಿನ ಮದ್ದು ತೂಕದ ಲೆಕ್ಕದಲ್ಲಿ. ನಾವು ಮನೆಯಲ್ಲೇ ತೂಗಿಕೊಂಡು ಹೋಗಿದ್ದೆವು: ಎರಡೂವರೆ ಕಿಲೋ. ಡಾಕ್ಟರಮ್ಮ ಬರೆದುಕೊಂಡರು, ಆದರೂ ತಮ್ಮ ಯಂತ್ರದ ಮೇಲೆ ಕೂರಿಸಿದರು. ಎರಡೇ ಕಿಲೋ!

"ಅರ್ಧ ಕಿಲೋ ತೂಕಕ್ಕಾಗುವ ಮದ್ದು ಹೆಚ್ಚಾಗಿ ಹೋಗ್ತಿತ್ತು. ಎದ್ದೇಳ್ತಿರಲಿಲ್ಲವೇನೋ. ಯಾವ ತಕ್ಕಡಿಯಲ್ಲಿ ತೂಗಿದ್ರಿ?"

ಅಕ್ಕೋರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಮೊಲವನ್ನು ಒಳಗೆ ಒಯ್ದ ಮೇಲೆ ಅಕ್ಕೋರು ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡೇ ಕೂತರು. ಇಷ್ಟು ವರ್ಷ ಬದನೆಕಾಯಿ ತೂಗಿದ್ದೇನೆ, ಯಾರೂ ಸತ್ತಿಲ್ಲ; ಇವತ್ತು ತಕ್ಕಡಿಯಲ್ಲಿ ಜೀವ ಇತ್ತು. ಮಧ್ಯಾಹ್ನ ಮೊಲ ಕಣ್ಣು ಬಿಟ್ಟಿತು. ಆದರೆ "ತಿಂದು ಹಿಕ್ಕೆ ಹಾಕಿದ ಮೇಲೇ ಮನೆಗೆ" ಅಂದರು ಡಾಕ್ಟರಮ್ಮ. ಸಂಜೆ ಕರಿಮೆಣಸಿನ ಕಾಳಿನಷ್ಟು ಒಂದು ಹಿಕ್ಕೆ ಬಿತ್ತು. ಅಕ್ಕೋರು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟರು. ತಕ್ಕಡಿ ಮರೆತರು ಅಂದುಕೊಂಡೆ.

ಹೊಲಿಗೆ ಮಾಯ್ದ ಮೇಲೆ ಒಂದು ಬೆಳಿಗ್ಗೆ, ಜಗಲಿ ತುಂಬ ಗಿರಾಕಿ ಇದ್ದಾಗಲೇ ಬಂದರು. ನನ್ನ ತೂಕದ ಕಲ್ಲು ಕೆಳಗಿಟ್ಟು ತಕ್ಕಡಿಯ ಆ ತಟ್ಟೆಯಲ್ಲಿ ಮೊಲ ಕೂರಿಸಿದರು.

"ಇದು ಸರಿಯಾಗಿ ಎರಡು ಕಿಲೋ, ಡಾಕ್ಟರು ಹೇಳಿದ್ದು. ಆ ಕಡೆ ಗೆಣಸು ಹಾಕು."

"ಯಜಮಾನರ ಕಾಲದ ಕಲ್ಲು ಅಕ್ಕೋರೆ, ಉಪ್ಪುಗಾಳಿಗೆ ಸವೆದಿದೆ" ಅಂದೆ. ಕೇಳುವವರು ಯಾರು? ಗೆಣಸು ಹಾಕುತ್ತಲೇ ಹೋದೆ, ನನ್ನ ಲೆಕ್ಕದ ಎರಡು ಕಿಲೋ ದಾಟಿದರೂ ಮೊಲ ಏಳಲೊಲ್ಲದು.

ಈಗ ಓಣಿಯ ಹೆಂಗಸರೆಲ್ಲ ಚೀಲ ಚಾಚುವ ಮೊದಲು ಒಂದೇ ಕೇಳುತ್ತಾರೆ: "ಅಜ್ಜೀ, ನಿನ್ನ ಕಿಲೋನಾ, ಮೊಲದ ಕಿಲೋನಾ?"