ಕಣ್ಣು ಮಿಟುಕಿಸಿದರೆ ಕಂತು

ಹೆಬ್ಬೆಟ್ಟು ಹಿಡಿಯುವ ಯಂತ್ರ ಇದ್ದಲ್ಲಿ ನಗೆಗೆ ಬರವಿಲ್ಲ. ರೈತರ ಸಹಾಯಧನದ ಕಾಗದಪತ್ರ ನೋಡುವುದು ನನ್ನ ಕೆಲಸ. ಮೊದಲು ಸಿಂಧನೂರು, ಆಮೇಲೆ ಲಿಂಗಸುಗೂರು, ಈಗ ಮಸ್ಕಿ. ವರ್ಗ ಆಗುತ್ತಲೇ ಇದೆ, ಬೀದರ್ ಕಡೆಗೆ ಮಾತ್ರ ಆಗಿಲ್ಲ. ನನ್ನ ಹೆಂಡತಿ ಅಲ್ಲಿ ಟೀಚರು. ಇಬ್ಬರನ್ನೂ ಒಂದೇ ಊರಿಗೆ ಹಾಕಿ ಎಂದು ಕೊಟ್ಟ ಅರ್ಜಿ ಆರು ವರ್ಷದಿಂದ ಪರಿಶೀಲನೆಯಲ್ಲಿದೆ. ಹಾಗಾಗಿ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಸಂಜೆ ಫೋನಿನಲ್ಲಿ ಹೇಳುತ್ತೇನೆ. ಅವಳ ನಗು ಕೇಳುವ ಆಸೆಗೇ ಹೇಳುತ್ತೇನೆ ಅಂದರೂ ಸರಿ.

೧

ಸಿಂಧನೂರಿನಲ್ಲಿದ್ದಾಗ ಗೊರೇಬಾಳದ ಅಜ್ಜ ಒಬ್ಬರು ಬಂದರು. ಭತ್ತದ ಗದ್ದೆಯಲ್ಲಿ ಸವೆದ ಹೆಬ್ಬೆಟ್ಟು, ಯಂತ್ರಕ್ಕೆ ಹಿಡಿಯಲಿಲ್ಲ. "ಸ್ವಚ್ಛ ತೊಳಕೊಂಡು ನಾಳೆ ಬರ್ರಿ" ಅಂದೆ. ಮರುದಿನ ಹೆಬ್ಬೆಟ್ಟು ಥಳಥಳ ಹೊಳೆಯುತ್ತಿತ್ತು.

"ಏನು ಹಚ್ಚೀರಿ?"

"ಹುಣಸಿಹಣ್ಣು, ಬೂದಿ. ದೇವರ ಸಾಮಾನು ತಿಕ್ಕಿದಂಗ ಸೊಸಿ ತಿಕ್ಯಾಳ್ರಿ."

ಇದ್ದ ನಾಲ್ಕು ಗೆರೆಯೂ ಹೋಗಿದ್ದವು. ಇನ್ನೊಂದು ವಾರ ತೊಳೆಯಲೇಬೇಡಿ ಎಂದೆ. "ಇದನ್ನ ನಿನ್ನೇನ ಹೇಳಿದ್ರ ಒಂದು ಸ್ನಾನ ಉಳೀತಿತ್ತಲ್ರಿ" ಎಂದು ಬೇಸರದಿಂದ ಹೊರಟರು.

೨

ಲಿಂಗಸುಗೂರಿನಲ್ಲಿ ಒಬ್ಬ ರೈತ ಸಹಾಯಧನದ ತಾಡಪತ್ರಿ ಒಯ್ದಿದ್ದ. ಕಾಳಿನ ರಾಶಿ ಮುಚ್ಚಲು ಕೊಡುವಂಥದ್ದು. ಅದರ ಜೊತೆ ನಿಂತು ಫೋಟೋ ಕಳಿಸಿದರೆ ಹಣ. ಬಂದ ಫೋಟೋದಲ್ಲಿ ಮದುಮಗ, ಮದುಮಗಳು ನಿಂತಿದ್ದರು. ಫೋನು ಮಾಡಿದೆ.

"ತಾಡಪತ್ರಿ ಎಲ್ಲೈತಿ?"

"ಮ್ಯಾಲ ನೋಡ್ರಿ, ಅದೇ ಹಂದರ."

"ಮತ್ತ ನೀವೆಲ್ಲಿ?"

"ಊಟ ಬಡಸಾಕತ್ತಿದ್ದೆ ರೀ. ಬೇಕಂದ್ರ ಉಂಡವರನ್ನ ಕೇಳ್ರಿ."

ಸಂಜೆ ಹೆಂಡತಿ ಬಿದ್ದು ಬಿದ್ದು ನಕ್ಕಳು. ನಕ್ಕಾದ ಮೇಲೆ, "ಆ ಗಂಡ ಹೆಂಡತಿ ಒಂದೇ ಊರಾಗ ಅದಾರಲ್ಲ?" ಎಂದು ಕೇಳಿದಳು.

೩

ಇದು ಮೊನ್ನೆ, ಮಸ್ಕಿಯಲ್ಲಿ. ಪಾಮನಕಲ್ಲೂರಿನ ಗಂಡ ಹೆಂಡತಿ ಬಂದಿದ್ದರು. ಹೊಲ ಆ ತಾಯಿಯ ಹೆಸರಿನಲ್ಲಿತ್ತು. ಹೆಬ್ಬೆಟ್ಟು ಹಿಡಿಯದೆ ಸಹಾಯಧನದ ಎರಡು ಕಂತು ನಿಂತಿದ್ದವು. ಆ ಹಣ ಬಂದರೆ ತೊಗರಿ ಬೀಜ, ಗುರುತು ಕೊಡಲು ಅಂದೇ ಕಡೆಯ ದಿನ. ಉಳಿದ ದಾರಿ ಮುಖದ ಗುರುತು: ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. ಫೋನು ಹಿಡಿದವನು ನಾನು. ತಾಯಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

"ಪರಗಂಡಸರ ಮುಂದ ಕಣ್ಣು ಮಿಟಕಸಂಗಿಲ್ರಿ. ಬೀಜ ಬರದಿದ್ರ ಬ್ಯಾಡ. ನಲವತ್ತು ವರ್ಷದಾಗ ನಮ್ಮನಿಯವರ ಮುಂದೂ ಮಿಟಕಸಿಲ್ಲ."

ಗಂಡ ಹಿಂದಿನಿಂದ ಮೆಲ್ಲಗೆ, "ಅದಂತೂ ಖರೇ ಐತ್ರಿ" ಎಂದರು.

ಫೋನು ಗಂಡನ ಕೈಗೇ ಕೊಟ್ಟೆ. ತಾಯಿ ಗಂಡನನ್ನು ನೋಡಿದರು, ನೆಲ ನೋಡಿದರು, ಮತ್ತೆ ಗಂಡನನ್ನೇ ನೋಡಿ ಕಣ್ಣು ಮಿಟುಕಿಸಿದರು. ಫೋನಿನಲ್ಲಿ ಹಸಿರು ಗುರುತು ಬಂತು. ಕೆಲಸ ಮುಗಿದಿತ್ತು, ಆದರೆ ಗಂಡ ಫೋನು ಇಳಿಸಲಿಲ್ಲ.

"ಆತಲ್ರಿ, ಕೊಡ್ರಿ" ಅಂದೆ.

"ಸುಮ್ಕಿರ್ರಿ ಸಾಹೇಬ್ರ" ಎಂದು ನನಗೆ ಪಿಸುಗುಟ್ಟಿ, ಹೆಂಡತಿಗೆ ಗಟ್ಟಿಯಾಗಿ ಹೇಳಿದರು: "ಎರಡು ಕಂತು ನಿಂತಾವಲ್ಲ, ಇನ್ನೊಮ್ಮಿ ಮಿಟಕಸಬೇಕಂತ ನೋಡು."

ಸಂಜೆ ವಿಡಿಯೋ ಕಾಲ್ ಮಾಡಿ ಇದನ್ನು ಹೇಳಿದೆ. ಹೆಂಡತಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ನಮ್ಮವು ಆರು ವರ್ಷದ ಕಂತು ಬಾಕಿ ಅದಾವ" ಅಂದೆ. ಅವಳು ಫೋನನ್ನು ಮುಖದ ಹತ್ತಿರ ತಂದು ಮಿಟುಕಿಸತೊಡಗಿದಳು. ಹನ್ನೊಂದನೆಯದಕ್ಕೆ ನೆಟ್‌ವರ್ಕ್ ಹೋಯಿತು.